ಕನ್ನಡ ಟಿ.ವಿ. ಸುದ್ದಿ ಪ್ರಸಾರ

ಕನ್ನಡದಲ್ಲಿ ದೃಶ್ಯರೂಪದ ಸುದ್ದಿಯನ್ನು ಬಿತ್ತರಿಸುವ ವ್ಯವಸ್ಥೆ. 1975–76ರ ‘ಸೈಟ್’ ಉಪಗ್ರಹ ಪ್ರಯೋಗದಲ್ಲಿ ಕರ್ನಾಟಕದ ಆಯ್ದ ಹಳ್ಳಿಗಳಿಗೆ ಟಿ.ವಿ. ಕಾರ್ಯಕ್ರಮಗಳು ತಲುಪಿದವು. ಬೆಂಗಳೂರು ದೂರದರ್ಶನ ಕೇಂದ್ರ 1981ರಲ್ಲಿ ಆರಂಭವಾಯಿತು. 1994ರಲ್ಲಿ ಉದಯ ಟಿವಿಯೊಂದಿಗೆ ಕನ್ನಡದಲ್ಲಿ ಖಾಸಗಿ ಉಪಗ್ರಹ ಪ್ರಸಾರ ಕಾಲಿಟ್ಟಿತು. ಮುಂದೆ ಟಿವಿ9 (2006), ಸುವರ್ಣ ನ್ಯೂಸ್ (2008), ಪಬ್ಲಿಕ್ ಟಿವಿ (2012) ಮೊದಲಾದ ದಿನವಿಡೀ ಸುದ್ದಿ ನೀಡುವ ವಾಹಿನಿಗಳು ಬಂದವು.

ಈ ವಾಹಿನಿಗಳಲ್ಲಿ ನಿಗದಿತ ವೇಳೆಯ ವಾರ್ತೆಗಿಂತ ನೇರಪ್ರಸಾರ, ಬ್ರೇಕಿಂಗ್ ನ್ಯೂಸ್, ಸ್ಟುಡಿಯೊ ಚರ್ಚೆಗಳು ಮುನ್ನೆಲೆಗೆ ಬಂದವು. ಸ್ಥಳದಿಂದಲೇ ನೇರಪ್ರಸಾರ ಮಾಡುವ ಓಬಿ ವ್ಯಾನ್ ಜೊತೆಗೆ, ಮೊಬೈಲ್ ಜಾಲದ ಮೂಲಕ ದೃಶ್ಯ ಕಳಿಸುವ ಬೆನ್ನುಚೀಲದ ಉಪಕರಣಗಳೂ ಬಳಕೆಯಾದವು. ವರಮಾನ ಮುಖ್ಯವಾಗಿ ಜಾಹೀರಾತಿನದಾದ್ದರಿಂದ ವೀಕ್ಷಣೆಯ ಪ್ರಮಾಣವನ್ನು ಸೂಚಿಸುವ ಟಿಆರ್‌ಪಿಗಾಗಿ ಪೈಪೋಟಿ ತೀವ್ರವಾಯಿತು. ಉದಯ ಟಿವಿಯ ಸೋದರ ಸುದ್ದಿ ವಾಹಿನಿ ಉದಯ ನ್ಯೂಸ್ 2017ರಲ್ಲಿ ಪ್ರಸಾರ ನಿಲ್ಲಿಸಿತು. ವೀಕ್ಷಕರು ಯೂಟ್ಯೂಬ್‌ನತ್ತ ಹೊರಳಿದಂತೆ ವಾಹಿನಿಗಳೂ ಅಲ್ಲಿ ನೇರಪ್ರಸಾರ ಮಾಡುತ್ತಿವೆ. ವೇಗದ ಈ ಪೈಪೋಟಿಯಲ್ಲಿ ಜಿಲ್ಲಾ ವರದಿಗಾರಿಕೆ ಮತ್ತು ಸುದ್ದಿಯ ಪರಿಶೀಲನೆಯನ್ನು ಉಳಿಸಿಕೊಳ್ಳುವುದು ಈ ಕ್ಷೇತ್ರದ ಪ್ರಮುಖ ಹೊಣೆ.