ವಾರದ ಮನೆ, ಬೀದಿಯ ದೀಪ

ವಿಜಯಪುರ ಜಿಲ್ಲೆಯ ಸಾಲೋಟಗಿಗೆ ಹಿಂದೆ ಪಾವಿಟ್ಟಗೆ ಎಂಬ ಹೆಸರಿತ್ತು. ರಾಷ್ಟ್ರಕೂಟ ಮೂರನೆಯ ಕೃಷ್ಣನ ಮಂತ್ರಿ ನಾರಾಯಣ ಅಲ್ಲಿ ಕಟ್ಟಿಸಿದ ಶಾಲೆಯ ಸಂಗತಿಯನ್ನು ಕ್ರಿ.ಶ. 945ರ ಕಂಬಶಾಸನ ಹೇಳುತ್ತದೆ. ದೂರ ದೇಶಗಳಿಂದ ಓದಲು ಬಂದವರಿಗೆ 27 ವಸತಿಗಳು ಬೇಕಾಗಿದ್ದವು. ದೀಪದ ಖರ್ಚಿಗೆಂದೇ 12 ನಿವರ್ತನ ಭೂಮಿಯನ್ನು ಬಿಟ್ಟುಕೊಡಲಾಗಿತ್ತು. ಊರವರೂ ಕೈಸೇರಿಸಬೇಕಿತ್ತು: ಮನೆಯಲ್ಲಿ ಮದುವೆಯಾದರೆ ಶಾಲೆಗೆ 5 ನಾಣ್ಯ, ಉಪನಯನಕ್ಕೆ ಅದರ ಅರ್ಧ, ಚೌಲಕ್ಕೆ ಅದರಲ್ಲೂ ಅರ್ಧ. ಈಗಿನ ಅರ್ಥದ ಪರೀಕ್ಷೆ ಆಗ ಇರಲಿಲ್ಲ. ಆದರೆ ಓದುವ ಹುಡುಗನಿಗೆ ಬುದ್ಧಿಗಿಂತ ಮೊದಲು ಮಲಗಲು ಜಾಗ, ರಾತ್ರಿಗೆ ಎಣ್ಣೆ ಬೇಕು ಎನ್ನುವುದು ಆ ಶಾಸನ ಬರೆಸಿದವರಿಗೆ ಚೆನ್ನಾಗಿ ತಿಳಿದಿತ್ತು. ವೇದಶಾಸ್ತ್ರಗಳನ್ನು ಕಲಿಯುವ ಹಕ್ಕುಳ್ಳವರಿಗಷ್ಟೇ ಈ ಏರ್ಪಾಡು ಎಂಬುದನ್ನೂ ಜೊತೆಗೇ ಹೇಳಬೇಕು.

ಅಕ್ಷರ, ಮಗ್ಗಿ, ಲೆಕ್ಕಪತ್ರಗಳನ್ನು ಕಲಿಸುತ್ತಿದ್ದುದು ಊರೂರಿನ ಕೂಲಿಮಠ. ಮಕ್ಕಳು ಮರಳಿನ ಮೇಲೆ ಬೆರಳಾಡಿಸಿ ಅಕ್ಷರ ತಿದ್ದುತ್ತಿದ್ದರು. ಕಲಿಸುವ ಅಯ್ಯನವರಿಗೆ ಮನೆಯವರು ಹಣವನ್ನೋ ಕಾಳನ್ನೋ ಕೊಡುತ್ತಿದ್ದರು. ಈ ಮಠಗಳ ಒಳಗಿನ ಚಿತ್ರ ಬಳ್ಳಾರಿಯ ಕಲೆಕ್ಟರ್ ಎ.ಡಿ. ಕ್ಯಾಂಪ್‌ಬೆಲ್ 1823ರಲ್ಲಿ ಮದರಾಸು ಸರ್ಕಾರಕ್ಕೆ ಬರೆದ ವರದಿಯಲ್ಲಿದೆ. ಬೆಳಗಿನ ಆರಕ್ಕೆ ಪಾಠ ಶುರು. ಮೊದಲು ಬಂದ ಹುಡುಗನ ಅಂಗೈ ಮೇಲೆ ಗೌರವದ ಗುರುತಾಗಿ ಸರಸ್ವತಿಯ ಹೆಸರು. ಎರಡನೆಯವನ ಅಂಗೈಗೆ ಸೊನ್ನೆ, ಅಂದರೆ ಹೊಗಳಿಕೆಯೂ ಇಲ್ಲ, ತೆಗಳಿಕೆಯೂ ಇಲ್ಲ. ಮೂರನೆಯವನಿಗೆ ಮೆಲ್ಲಗೆ ಒಂದು ಏಟು, ನಾಲ್ಕನೆಯವನಿಗೆ ಎರಡು, ಹಿಂದೆ ಬಂದವರಿಗೆಲ್ಲ ಒಂದೊಂದು ಹೆಚ್ಚು. ಕೊನೆಗೆ ಬರುವವನ ಪಾಡನ್ನು ಓದುಗರೇ ಲೆಕ್ಕ ಹಾಕಬಹುದು. ಸೋಮಾರಿಗೆ ಇದಕ್ಕಿಂತ ಕಠಿಣವಾದದ್ದು ಕಾದಿತ್ತು: ಎರಡೂ ಕೈ ಕಟ್ಟಿ ಸೂರಿಗೆ ನೇತುಹಾಕುವುದು. ಕನ್ನಡದಲ್ಲಿ ಇದಕ್ಕೆ ಕೋದಂಡ ಎಂಬ ಹೆಸರು ಉಳಿದಿದೆ.

ಏಟಿನ ಈ ಲೆಕ್ಕಾಚಾರವನ್ನೇ ಹಳೆಯ ಶಿಕ್ಷಣದ ತಿರುಳೆಂದು ತೋರಿಸುವ ರೂಢಿಯಿದೆ. ಆದರೆ ಅದೇ ವರದಿಯಲ್ಲಿ ಹೆಚ್ಚು ತೂಕದ ಮಾತು ಬೇರೆ ಇದೆ. ಜಿಲ್ಲೆಯಲ್ಲಿದ್ದ ಶಾಲೆಗಳು 533, ಮಕ್ಕಳು 6,641. ಅವರಲ್ಲಿ ಹುಡುಗಿಯರು ಬರೀ 60. ಮೊದಲಿದ್ದ ಶಾಲೆಗಳು ಮುಚ್ಚುತ್ತಿರುವುದೇಕೆಂದು ವಿಚಾರಿಸಿದ ಕಲೆಕ್ಟರ್, ನಾಡು ಬಡವಾಗುತ್ತಿರುವುದೇ ಕಾರಣವೆಂದು ಬರೆದ. ಎಳೆಯ ಕೈಗಳಿಗೆ ಕೆಲಸ ಮಾಡುವಷ್ಟು ಬಲ ಬಂದೊಡನೆ ಮಕ್ಕಳು ಕೂಲಿಗೆ ಹೋಗುತ್ತಿದ್ದರು. ತಡವಾಗಿ ಬಂದವನನ್ನು ಬೆತ್ತ ಬೇಗ ಬರಿಸೀತು, ಬರಲಾಗದವನನ್ನು ಕರೆತರಲು ಅದಕ್ಕೆ ಶಕ್ತಿಯಿರಲಿಲ್ಲ.

1857ರಲ್ಲಿ ಮದರಾಸು ಮತ್ತು ಮುಂಬಯಿ ವಿಶ್ವವಿದ್ಯಾಲಯಗಳು ಹುಟ್ಟಿದವು. ಮೈಸೂರಿನ ಹುಡುಗರು ಮದರಾಸಿನ ಮೆಟ್ರಿಕ್ಯುಲೇಷನ್‌ಗೆ, ಧಾರವಾಡ ಬೆಳಗಾವಿಯವರು ಮುಂಬಯಿಯದಕ್ಕೆ ಕಟ್ಟಬೇಕಾಯಿತು. ಮುಂಬಯಿ ಕರ್ನಾಟಕದಲ್ಲಿ ಕನ್ನಡ ಶಾಲೆಯ ಕೊನೆಗೆ ಮುಲ್ಕಿ ಪರೀಕ್ಷೆ, ಹಳೆಯ ಮೈಸೂರಿನಲ್ಲಿ ಲೋಯರ್ ಸೆಕೆಂಡರಿ. ಮುಲ್ಕಿ ಪಾಸಾದವನಿಗೆ ಮಾಸ್ತರಿಕೆಯ ಬಾಗಿಲು ತೆರೆಯುತ್ತಿತ್ತು, ಮೆಟ್ರಿಕ್ ಆದವನಿಗೆ ಕಚೇರಿಯ ಗುಮಾಸ್ತಗಿರಿ. ಓದಿಗೂ ಸಂಬಳಕ್ಕೂ ನಡುವೆ ಇಂಥ ನೇರ ದಾರಿ ಅದುವರೆಗೆ ಇರಲಿಲ್ಲ. ಮನೆಮಂದಿಯ ಆಸೆಯೆಲ್ಲ ಒಂದು ಪರೀಕ್ಷೆಯ ಮೇಲೆ ಬಿದ್ದದ್ದು ಆಗಲೇ. ‘ಮೆಟ್ರಿಕ್ ಫೇಲ್’ ಎನ್ನುವುದು ಒಂದು ಗುರುತಾಗಿ ಹೆಸರಿಗೆ ಅಂಟಿಕೊಂಡದ್ದೂ ಆಗಲೇ. ಹೈದರಾಬಾದ್ ಸಂಸ್ಥಾನದ ಕನ್ನಡಿಗರ ಕಷ್ಟ ಇನ್ನೊಂದು ಬಗೆಯದು. 1918ರಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯ ಬಂದ ಮೇಲೆ ಮೇಲಿನ ಓದಿನ ಹಾದಿ ಉರ್ದುವಿನದಾಯಿತು.

ಹೈಸ್ಕೂಲು ಇದ್ದದ್ದು ಜಿಲ್ಲಾ ಕೇಂದ್ರಗಳಲ್ಲಿ, ಕೆಲವು ದೊಡ್ಡ ಊರುಗಳಲ್ಲಿ ಮಾತ್ರ. ಹಳ್ಳಿಯ ಬಡ ಹುಡುಗ ಅಲ್ಲಿಗೆ ಹೋದರೆ ಉಣ್ಣುವುದೆಲ್ಲಿ? ಇದಕ್ಕೆ ಸಿಕ್ಕ ಉತ್ತರವೇ ವಾರಾನ್ನ. ಬ್ರಹ್ಮಚಾರಿಯ ಭಿಕ್ಷೆ ಹಳೆಯ ಪದ್ಧತಿ; ಜೋಳಿಗೆ ಹಿಡಿದು ಹಲವು ಮನೆಗಳಿಂದ ಬೇಡಿ ತರುವುದಕ್ಕೆ ಧಾರವಾಡದ ಕಡೆ ಮಧುಕರಿ ಎನ್ನುತ್ತಿದ್ದರು. ವಾರಾನ್ನ ಅದರ ಪಟ್ಟಣದ ರೂಪ. ಏಳು ಮನೆಗಳನ್ನು ಗೊತ್ತುಮಾಡಿಕೊಂಡು ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ ಎಂದು ಉಣ್ಣುವುದು. ಮಲಗುವುದು ಛತ್ರದಲ್ಲಿ, ದೇವಸ್ಥಾನದ ಜಗಲಿಯಲ್ಲಿ, ಇಲ್ಲವೇ ಯಾರದೋ ಮನೆಯ ನಡುಪಡಸಾಲೆಯಲ್ಲಿ. ಏಳೂ ಮನೆ ಒಟ್ಟಿಗೆ ಸಿಗುವುದು ಅದೃಷ್ಟ. ಐದು ಸಿಕ್ಕವನಿಗೆ ವಾರಕ್ಕೆ ಎರಡು ದಿನ ಅವಲಕ್ಕಿಯೋ ನೀರೋ ಗತಿ. ವಾರದ ಮನೆಗೆ ಸೂತಕ ಬಂದರೆ ಆ ದಿನ ಖಾಲಿ. ಏಕಾದಶಿ ಬಿದ್ದರೆ ಮಾಧ್ವರ ಮನೆಯಲ್ಲಿ ಎಲೆಯೇ ಹಾಕುವುದಿಲ್ಲ. ಪಂಚಾಂಗವನ್ನು ಜೋಯಿಸರಷ್ಟೇ ಎಚ್ಚರದಿಂದ ನೋಡುತ್ತಿದ್ದವರು ವಾರದ ಹುಡುಗರು.

ಈ ಊಟ ಹೆಸರಿಗೆ ಬಿಟ್ಟಿ. ಬಾವಿಯಿಂದ ನೀರು ಸೇದುವುದು, ಪೂಜೆಗೆ ಹೂವು ತರುವುದು, ಪೇಟೆಗೆ ಓಡುವುದು, ಮನೆಯ ಮಕ್ಕಳಿಗೆ ಪಾಠ ಹೇಳುವುದು ವಾರದ ಹುಡುಗನ ಪಾಲಿಗೆ ಬರುತ್ತಿದ್ದವು. ಕೆಲವು ಗೃಹಿಣಿಯರು ಮಗನಂತೆ ಬಡಿಸಿದರು, ಕೆಲವರು ಹಂಗಿಸಿ ಬಡಿಸಿದರು. ಕನ್ನಡದ ಆತ್ಮಕಥೆಗಳಲ್ಲಿ ಎರಡೂ ಬಗೆಯವರಿದ್ದಾರೆ, ಎಸ್.ಎಲ್. ಭೈರಪ್ಪನವರ ‘ಭಿತ್ತಿ’ಯನ್ನು ಓದಿದವರಿಗೆ ಆ ಹಸಿವಿನ ಪರಿಚಯವಿದೆ. ಪರೀಕ್ಷೆಯ ಮಟ್ಟಿಗೆ ವಾರಾನ್ನದ ಪರಿಣಾಮ ಇಮ್ಮಡಿ. ಫೇಲಾದ ಹುಡುಗ ಏಳು ಮನೆಗಳಲ್ಲಿ ಏಳು ದಿನ ತಲೆ ತಗ್ಗಿಸಬೇಕಿತ್ತು, ಮರುವರ್ಷ ಅದೇ ಎಲೆ ಸಿಗುವ ಭರವಸೆ ಇರಲಿಲ್ಲ. ಊರಿನ ಶ್ರೀಮಂತರ ಮಗನಿಗೆ ಇಲ್ಲದ ಆತುರ ಈ ಹುಡುಗನಿಗೆ ಬಂದದ್ದು ಸ್ವಭಾವದಿಂದಲ್ಲ.

ಪಾಠ ಹೇಳಿಕೊಟ್ಟು ಓದುವುದು ಇದಕ್ಕಿಂತ ಗೌರವದ ದಾರಿ. ಬಾಲ್ಯದಲ್ಲೇ ತಂದೆಯನ್ನು ಕಳೆದುಕೊಂಡ ಎಂ. ವಿಶ್ವೇಶ್ವರಯ್ಯ ಬೆಂಗಳೂರಿನಲ್ಲಿ ಕೊಡಗಿನ ಮನೆತನವೊಂದರ ಮಕ್ಕಳಿಗೆ ಪಾಠ ಹೇಳುತ್ತ ಸೆಂಟ್ರಲ್ ಕಾಲೇಜಿನಲ್ಲಿ ಓದಿ 1881ರಲ್ಲಿ ಬಿ.ಎ. ಮುಗಿಸಿದರು. ಬೀದಿ ದೀಪದ ಕೆಳಗೆ ಓದಿ ದೊಡ್ಡವರಾದವರ ಕಥೆಯಂತೂ ಪ್ರತಿ ಊರಿನಲ್ಲೂ ಒಂದಿದೆ. ಎಲ್ಲವೂ ನಿಜವಿರಲಾರವು. ಆದರೆ ಸೀಮೆಎಣ್ಣೆ ಬುಡ್ಡಿಯನ್ನು ಬೇಗ ಆರಿಸುವ ಮನೆಗಳಲ್ಲಿ ಬೀದಿಯ ಬೆಳಕು ನಿಜವಾದ ಆಸರೆ. ಶಿವನಸಮುದ್ರದ ವಿದ್ಯುತ್ತಿನಿಂದ ಬೆಂಗಳೂರಿನ ಬೀದಿ ದೀಪಗಳು ಹೊತ್ತಿದ್ದು 1905ರ ಆಗಸ್ಟ್‌ನಲ್ಲಿ.

ವಾರಾನ್ನಕ್ಕೆ ಒಂದು ದೊಡ್ಡ ಮಿತಿಯಿತ್ತು: ಜಾತಿ ದಾಟಿ ಎಲೆ ಹಾಕುತ್ತಿರಲಿಲ್ಲ. ಬಹುಪಾಲು ಅದು ಬ್ರಾಹ್ಮಣ ಹುಡುಗರ ಆಸರೆಯಾಗಿತ್ತು. ಹುಡುಗಿಯರಿಗಂತೂ ಆ ಬಾಗಿಲೇ ಇರಲಿಲ್ಲ. ಉಳಿದ ಸಮುದಾಯಗಳು ಬೇರೆ ದಾರಿ ಕಟ್ಟಿಕೊಳ್ಳಬೇಕಾಯಿತು. ಮಂಗಳೂರಿನಲ್ಲಿ ಕುದ್ಮುಲ್ ರಂಗರಾವ್ 1897ರಲ್ಲಿ ದಲಿತರ ಏಳಿಗೆಗಾಗಿ ಸಂಸ್ಥೆ ಕಟ್ಟಿ ಶಾಲೆಗಳನ್ನು ತೆರೆದರು. ತಮ್ಮ ಜಾತಿಯವರ ಬಹಿಷ್ಕಾರ ಅವರಿಗೆ ಸಿಕ್ಕ ಪ್ರತಿಫಲ. ಮೈಸೂರಿನಲ್ಲಿ ತಾತಯ್ಯ ಎಂದೇ ಹೆಸರಾದ ಎಂ. ವೆಂಕಟಕೃಷ್ಣಯ್ಯ ಬಡ ವಿದ್ಯಾರ್ಥಿಗಳಿಗೆ ಅನಾಥಾಲಯ ನಡೆಸಿದರು. 1906ರಲ್ಲಿ ಬೆಂಗಳೂರಿನ ಒಕ್ಕಲಿಗರ ಸಂಘ, 1916ರಲ್ಲಿ ಬೆಳಗಾವಿಯ ಕೆ.ಎಲ್.ಇ. ಸಂಸ್ಥೆ ಹುಟ್ಟಿದವು. ಮೈಸೂರು ಸರ್ಕಾರ ನೇಮಿಸಿದ ಮಿಲ್ಲರ್ ಸಮಿತಿಯ ಶಿಫಾರಸಿನ ನಂತರ ಸರ್ಕಾರಿ ನೌಕರಿಯಲ್ಲಿ ಹಿಂದುಳಿದವರಿಗೆ ಪಾಲು ದೊರೆತಾಗ, ಪಾಸಾಗುವುದರಿಂದ ಏನಾದೀತು ಎಂಬ ಪ್ರಶ್ನೆಗೆ ಆ ಮನೆಗಳಲ್ಲೂ ಉತ್ತರ ಸಿಕ್ಕಿತು.

ಇವೆಲ್ಲದರ ನಡುವೆ ಎದ್ದು ಕಾಣುವುದು ತುಮಕೂರಿನ ಸಿದ್ಧಗಂಗೆ. ಉದ್ಧಾನ ಶಿವಯೋಗಿಗಳ ಕಾಲದ ಸಣ್ಣ ಪ್ರಸಾದ ನಿಲಯ, 1941ರಲ್ಲಿ ಮಠದ ಹೊಣೆ ಹೊತ್ತ ಶಿವಕುಮಾರ ಸ್ವಾಮಿಗಳ ಕೈಯಲ್ಲಿ ಹತ್ತು ಸಾವಿರದಷ್ಟು ಮಕ್ಕಳ ಮನೆಯಾಯಿತು. ಸ್ವಾಮಿಗಳೇ ಹಳ್ಳಿಹಳ್ಳಿ ತಿರುಗಿ ಕಾಳು ಕೂಡಿಸಿದರು. ಯಾವ ಜಾತಿ, ಯಾವ ಧರ್ಮ ಎಂದು ಕೇಳದೆ ಒಂದೇ ಪಂಕ್ತಿಯಲ್ಲಿ ಮುದ್ದೆ ಸಾರು ಬಡಿಸಿದ್ದು ವಾರಾನ್ನದ ಕಾಲದಿಂದ ಬಹು ದೂರ ಬಂದ ಮಾತು. ಬೆಂಗಳೂರಿನ ಗೋಪಾಲಸ್ವಾಮಿ ಅಯ್ಯರ್ ಹಾಸ್ಟೆಲು ದಲಿತ ಹುಡುಗರಿಗೆ ಇಂಥದೇ ಆಸರೆ. ಕವಿ ಸಿದ್ಧಲಿಂಗಯ್ಯ ಅಲ್ಲಿದ್ದು ಓದಿದವರು. ದೇವರಾಜ ಅರಸು ಆಡಳಿತದ 1970ರ ದಶಕದಲ್ಲಿ ಈ ಕೆಲಸಕ್ಕೆ ಸರ್ಕಾರವೇ ದೊಡ್ಡ ಪ್ರಮಾಣದಲ್ಲಿ ಕೈಹಾಕಿತು. ಹಿಂದುಳಿದ ವರ್ಗಗಳ ಹಾಸ್ಟೆಲಿಗೆ ಹಳ್ಳಿಗಳಲ್ಲಿ ಇಂದಿಗೂ ‘ಬಿಸಿಎಂ ಹಾಸ್ಟೆಲು’ ಎಂದೇ ಹೆಸರು. ಅಲ್ಲಿನ ಅನ್ನದಲ್ಲಿ ಕಲ್ಲಿತ್ತು, ಸಾರು ನೀರಾಗಿತ್ತು ಎಂಬ ದೂರುಗಳು ಸುಳ್ಳಲ್ಲ. ಆದರೂ ಆ ಅನ್ನ ಹಂಗಿನದಲ್ಲ, ಹಕ್ಕಿನದು.

ಹುಡುಗಿಯರ ಸರದಿ ತಡವಾಗಿ ಬಂತು. ಊರಿನ ಶಾಲೆ ಮುಗಿದೊಡನೆ ಅವರ ಓದು ನಿಲ್ಲುತ್ತಿದ್ದುದಕ್ಕೆ ಮನಸ್ಸಿಲ್ಲದ್ದು ಕಾರಣವಲ್ಲ, ಹೈಸ್ಕೂಲಿನ ದಾರಿ ದೂರವಿತ್ತು. 2006–07ರಲ್ಲಿ ರಾಜ್ಯ ಸರ್ಕಾರ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ ಕೊಡಲು ಆರಂಭಿಸಿದ ಮೇಲೆ, ಬೆಳಗಿನ ರಸ್ತೆಗಳಲ್ಲಿ ಸಾಲುಸಾಲಾಗಿ ಹೋಗುವ ಹುಡುಗಿಯರು ಹಳ್ಳಿಗಾಡಿನ ಮಾಮೂಲಿ ನೋಟವಾದರು.

ಎಸ್ಸೆಸ್ಸೆಲ್ಸಿ ಹತ್ತಿರ ಬಂದಾಗ ಬೆಳಗಿನ ಐದಕ್ಕೆ ಮಕ್ಕಳಿಗೆ ಫೋನ್ ಮಾಡಿ ಎಬ್ಬಿಸುವ ಮೇಷ್ಟರುಗಳು ಈಗ ಇದ್ದಾರೆ. ಅಂಗೈಯ ಸರಸ್ವತಿಯಿಂದ ಅಷ್ಟೇನೂ ದೂರದ ಉಪಾಯವಲ್ಲ. 2024ರಲ್ಲಿ ವರ್ಷಕ್ಕೆ ಮೂರು ಪರೀಕ್ಷೆಗಳನ್ನು ನಡೆಸಲು ಆರಂಭಿಸಿದ ಮೇಲೆ ಒಂದು ಸಲ ಡುಮ್ಕಿ ಹೊಡೆದರೆ ವರ್ಷವೇ ಹೋಯಿತೆಂಬ ಹೆದರಿಕೆ ತಗ್ಗಿದೆ. ಆ ವರ್ಷದ ಮೊದಲ ಪರೀಕ್ಷೆಯಲ್ಲಿ, ಕ್ಯಾಮೆರಾ ಕಣ್ಗಾವಲಿನ ನಡುವೆ, ಒಟ್ಟು ಫಲಿತಾಂಶ ಶೇ. 73.40ಕ್ಕೆ ಇಳಿಯಿತು. ಪಾಸಾದ ಹುಡುಗರು ಶೇ. 65.90, ಹುಡುಗಿಯರು ಶೇ. 81.11.