ಪಕ್ಕವಾದ್ಯದ ನಲವತ್ತೇಳು ವರ್ಷ

ಕಚೇರಿ ಮುಗಿದು ಮನೆಗೆ ಮರಳುವ ರಸಿಕರ ಬಾಯಲ್ಲಿರುವುದು ಹಾಡಿದವರ ಹೆಸರು. ಪಕ್ಕವಾದ್ಯದವರು ತಪ್ಪಿದರೆ ಮಾತ್ರ ಅವರ ಮಾತು ಬರುವುದುಂಟು. ಅಮೆರಿಕದ ರಾಕ್ ಸಂಗೀತದಲ್ಲಿಯೂ ಲೋಕರೂಢಿ ಇದಕ್ಕಿಂತ ಬೇರೆಯಲ್ಲ. ಗಾಯಕ ಟಾಮ್ ಪೆಟ್ಟಿಯವರನ್ನು ಬಲ್ಲವರೆಲ್ಲರೂ ಗಿಟಾರುವಾದಕ ಮೈಕ್ ಕ್ಯಾಂಪ್‌ಬೆಲ್ ಅವರನ್ನು ಬಲ್ಲರೆಂದು ಹೇಳಲಾಗದು. ಆದರೆ ಪೆಟ್ಟಿಯವರ ಹಾಡುಗಳ ಚರಿತ್ರೆಯನ್ನು ಬರೆಯಹೊರಟವರಿಗೆ ಈ ಎರಡನೆಯ ಹೆಸರು ಹೆಜ್ಜೆಹೆಜ್ಜೆಗೂ ಎದುರಾಗುತ್ತದೆ.

ಇಬ್ಬರೂ ೧೯೫೦ರಲ್ಲಿ ಹುಟ್ಟಿದವರು. ೧೯೭೦ರಲ್ಲಿ ಫ್ಲಾರಿಡಾ ಸಂಸ್ಥಾನದ ಗೇನ್ಸ್‌ವಿಲ್ ಊರಿನಲ್ಲಿ ಪೆಟ್ಟಿ ತಮ್ಮ ಮೇಳಕ್ಕಾಗಿ ಡ್ರಮ್ ಬಾರಿಸುವವನನ್ನು ಹುಡುಕಿಕೊಂಡು ಒಂದು ಮನೆಗೆ ಹೋದರು. ಗಿಟಾರು ನುಡಿಸುವವರೂ ಬೇಕಾಗಿದ್ದರು. ಆ ಮನೆಯಲ್ಲಿಯೇ ಇದ್ದ ಸಂಕೋಚದ ತರುಣನೊಬ್ಬ ಅಗ್ಗದ ಜಪಾನೀ ಗಿಟಾರು ಹಿಡಿದು ಬಂದ. ಅದನ್ನು ಕಂಡು ಬಂದವರಿಗೆ ಮುಖ ಸಪ್ಪಗಾಯಿತು. ಆತ ಚಕ್ ಬೆರ್ರಿಯವರ ‘ಜಾನಿ ಬಿ. ಗುಡ್’ ನುಡಿಸಿ ಮುಗಿಸುವ ಹೊತ್ತಿಗೆ ಅವನನ್ನು ಬಿಡಲಾಗದೆಂದು ಪೆಟ್ಟಿಯವರಿಗೆ ಖಚಿತವಾಗಿತ್ತು. ಆ ತರುಣನೇ ಕ್ಯಾಂಪ್‌ಬೆಲ್.

ಮಡ್‌ಕ್ರಚ್ ಎಂಬ ಆ ಮೇಳ ೧೯೭೪ರಲ್ಲಿ ಅದೃಷ್ಟವನ್ನರಸಿ ಲಾಸ್ ಏಂಜಲೀಸಿಗೆ ಹೋಗಿ, ಬಹುಬೇಗ ಒಡೆದುಹೋಯಿತು. ಇಬ್ಬರ ಸ್ನೇಹ ಮಾತ್ರ ಒಡೆಯಲಿಲ್ಲ. ೧೯೭೬ರಲ್ಲಿ ಹಾರ್ಟ್‌ಬ್ರೇಕರ್ಸ್ ಎಂಬ ಹೊಸ ಮೇಳದ ಮೊದಲ ಧ್ವನಿಮುದ್ರಿಕೆ ಹೊರಬಂತು. ಅದರಲ್ಲಿ ‘ಬ್ರೇಕ್‌ಡೌನ್’ ಎಂಬುದೊಂದು ಹಾಡು. ಅದನ್ನು ಮುದ್ರಿಸುವಾಗ ಕ್ಯಾಂಪ್‌ಬೆಲ್ ಹಾಡಿನ ಕೊನೆಯಲ್ಲಿ ಸುಮ್ಮನೆ ಒಂದು ಪುಟ್ಟ ಸ್ವರಗುಚ್ಛವನ್ನು ನುಡಿಸಿದ್ದರು. ಮಿತ್ರ ಗಾಯಕ ಡ್ವೈಟ್ ಟ್ವಿಲ್ಲಿ ಅದನ್ನು ಕೇಳಿ, ಹಾಡಿನ ಜೀವವೇ ಅದೆಂದು ಎತ್ತಿ ತೋರಿಸಿದರು. ಪೆಟ್ಟಿ ನಡುರಾತ್ರಿಯಲ್ಲಿ ಮೇಳದವರನ್ನೆಲ್ಲ ಮರಳಿ ಕರೆಸಿ, ಆ ಸ್ವರಗುಚ್ಛವನ್ನೇ ತಳಹದಿಯಾಗಿಸಿ ಹಾಡನ್ನು ಹೊಸದಾಗಿ ಮುದ್ರಿಸಿದರು.

ಇವರ ಜೊತೆಗಾರಿಕೆಯ ರೀತಿ ಸರಳವಾದುದು. ಕ್ಯಾಂಪ್‌ಬೆಲ್ ಮನೆಯಲ್ಲಿ ಕುಳಿತು ಸಾಹಿತ್ಯವಿಲ್ಲದ ಮಟ್ಟುಗಳನ್ನು ಮುದ್ರಿಸಿ ಪೆಟ್ಟಿಯವರ ಕೈಗೆ ಕೊಡುವರು. ಪೆಟ್ಟಿಯವರಿಗೆ ಯಾವುದಕ್ಕೆ ಮಾತು ಹೊಳೆಯಿತೋ ಅದು ಹಾಡಾಯಿತು. ಉಳಿದವು ಉಳಿದೇ ಹೋದವು. ೧೯೭೯ರ ‘ಡ್ಯಾಮ್ ದ ಟಾರ್ಪೀಡೋಸ್’ ಆಲ್ಬಮ್ಮಿನ ‘ರೆಫ್ಯೂಜಿ’ ಹುಟ್ಟಿದ್ದು ಹೀಗೆ. ತಮ್ಮನ್ನು ಕೇಳದೆ ತಮ್ಮ ಕರಾರನ್ನು ಮತ್ತೊಂದು ಕಂಪೆನಿಗೆ ದಾಟಿಸಬಾರದೆಂದು ಹಟ ಹಿಡಿದ ಪೆಟ್ಟಿ, ಆ ವರ್ಷ ನ್ಯಾಯಾಲಯದಲ್ಲಿ ದಿವಾಳಿ ಅರ್ಜಿಯನ್ನೇ ಹಾಕಿದ್ದರು. ಇತ್ತ ‘ರೆಫ್ಯೂಜಿ’ಯನ್ನು ಎಷ್ಟು ಸಲ ನುಡಿಸಿದರೂ ತೃಪ್ತಿಯಿಲ್ಲ. ಬೇಸತ್ತ ಕ್ಯಾಂಪ್‌ಬೆಲ್ ಎರಡು ದಿನ ಊರನ್ನೇ ಬಿಟ್ಟುಹೋಗಿ, ಮತ್ತೆ ಬಂದು ನುಡಿಸಿದರು.

ಕೊಟ್ಟದ್ದನ್ನು ಬೇಡವೆಂದಾಗ ಏನಾಗುತ್ತದೆ? ಸ್ನೇಹದ ಪರೀಕ್ಷೆ ಇರುವುದು ಅಲ್ಲಿ. ೧೯೮೦ರ ದಶಕದ ಆರಂಭದಲ್ಲಿ ಕ್ಯಾಂಪ್‌ಬೆಲ್ ಡ್ರಮ್ ಯಂತ್ರವೊಂದರ ನೆರವಿನಿಂದ ಹೊಸ ಮಟ್ಟನ್ನು ಕಟ್ಟಿದರು. ಅದು ಆಗ ಸಿದ್ಧವಾಗುತ್ತಿದ್ದ ಆಲ್ಬಮ್ಮಿಗೆ ಹೊಂದಲಿಲ್ಲ. ಆ ಮಟ್ಟು ಡಾನ್ ಹೆನ್ಲಿಯವರ ಕೈಸೇರಿ, ೧೯೮೪ರಲ್ಲಿ ‘ದ ಬಾಯ್ಸ್ ಆಫ್ ಸಮ್ಮರ್’ ಎಂಬ ಹೆಸರಿನಲ್ಲಿ ಮನೆಮಾತಾಯಿತು. ಹೆನ್ಲಿಯವರಿಗೆ ಗ್ರ್ಯಾಮಿ ಪ್ರಶಸ್ತಿಯನ್ನೂ ತಂದಿತು. ತನ್ನ ಮಟ್ಟಿನ ಬೆಲೆ ಕ್ಯಾಂಪ್‌ಬೆಲ್ ಅವರಿಗೆ ಈಗ ತಿಳಿಯಿತು. ಬೇರೆ ದಾರಿ ಹಿಡಿಯಲು ಅಡ್ಡಿಯೇನೂ ಇರಲಿಲ್ಲ. ಅವರು ಹಿಡಿಯಲಿಲ್ಲ.

ಇದನ್ನೆಲ್ಲ ಆದರ್ಶವೆಂದು ಹೊಗಳಿ ಮುಗಿಸಿದರೆ ಚರಿತ್ರೆಗೆ ಮೋಸವಾದೀತು. ಮೊದಲಲ್ಲಿ ಸಮನಾಗಿ ಹಂಚಿಕೆಯಾಗುತ್ತಿದ್ದ ಮೇಳದ ಸಂಪಾದನೆಯಲ್ಲಿ ಮುಂದೆ ಗಾಯಕರ ಪಾಲು ಹಿಗ್ಗಿತು. ಮೇಳದಲ್ಲಿ ಕಹಿಯೂ ಬೆಳೆಯಿತು. ೧೯೮೯ರ ‘ಫುಲ್ ಮೂನ್ ಫೀವರ್’ ಮೇಳದ ಹೆಸರಿಲ್ಲದೆ ಪೆಟ್ಟಿಯವರೊಬ್ಬರ ಹೆಸರಿನಲ್ಲಿಯೇ ಹೊರಟಾಗ ಉಳಿದವರಿಗೆ ನೋವಾದುದು ಸಹಜವೇ. ವಿಚಿತ್ರವೆಂದರೆ, ಆ ‘ಒಂಟಿ’ ಆಲ್ಬಮ್ಮಿನ ಬಹುಭಾಗ ಮುದ್ರಿತವಾದುದು ಕ್ಯಾಂಪ್‌ಬೆಲ್ ಅವರ ಮನೆಯ ಮೋಟಾರುಕೊಟ್ಟಿಗೆಯಲ್ಲಿ! ಪೆಟ್ಟಿ ಮತ್ತು ಜೆಫ್ ಲಿನ್ ಅವರೊಡನೆ ನಿರ್ಮಾಪಕರಾಗಿ ಅವರ ಹೆಸರೂ ಅದರ ಮೇಲಿದೆ. ಮೇಳವಿಲ್ಲದೆ ಹಾಡಬಲ್ಲವರಾಗಿದ್ದ ಪೆಟ್ಟಿಗೆ ಈ ಗಿಟಾರಿಲ್ಲದೆ ಆಗಲಿಲ್ಲ.

ಕ್ಯಾಂಪ್‌ಬೆಲ್ ಅವರ ವಾದನವೂ ಅವರ ಸ್ವಭಾವದಂತೆಯೇ. ಬೆರಳ ಚಮತ್ಕಾರವನ್ನು ಮೆರೆಸಲು ಹಾಡನ್ನು ತಡೆದು ನಿಲ್ಲಿಸುವವರಲ್ಲ. ಹಾಡಿನ ಸಾಲುಗಳ ನಡುವಿನ ಬಿಡುವಿನಲ್ಲಿ ನಾಲ್ಕು ಸ್ವರ ನುಡಿಸಿ ಹಿಂದೆ ಸರಿಯುತ್ತಾರೆ. ಆ ನಾಲ್ಕನ್ನು ತೆಗೆದುಹಾಕಿದರೆ ಹಾಡು ಬಡವಾಗುತ್ತದೆ.

೨೦೧೭ರ ಸೆಪ್ಟೆಂಬರ್ ೨೫ರಂದು ಹಾಲಿವುಡ್ ಬೌಲ್ ಬಯಲುರಂಗದಲ್ಲಿ ಮೇಳದ ನಲವತ್ತನೆಯ ವರ್ಷದ ಪ್ರವಾಸ ಮುಗಿಯಿತು. ಕೊನೆಗೆ ಹಾಡಿದ್ದು ಮೊದಲ ಧ್ವನಿಮುದ್ರಿಕೆಯ ‘ಅಮೆರಿಕನ್ ಗರ್ಲ್’. ಅದಾದ ಒಂದು ವಾರಕ್ಕೆ, ಅಕ್ಟೋಬರ್ ೨ರಂದು, ಪೆಟ್ಟಿ ತೀರಿಕೊಂಡರು. ಆಗ ಕ್ಯಾಂಪ್‌ಬೆಲ್ ಅವರಿಗೆ ಅರವತ್ತೇಳು ವರ್ಷ. ಅವರ ಸ್ವಂತ ಮೇಳವಾದ ಡರ್ಟಿ ನಾಬ್ಸ್‌ನ ಮೊದಲ ಆಲ್ಬಮ್ ೨೦೨೦ರಲ್ಲಿ ಹೊರಬಂತು. ಅದರಲ್ಲಿ ಮಟ್ಟೂ ಅವರದು, ದನಿಯೂ ಅವರದು. ನಲವತ್ತೇಳು ವರ್ಷ ಮಟ್ಟು ಕಟ್ಟಿ ಇನ್ನೊಬ್ಬರ ಮಾತಿಗಾಗಿ ಕಾದವರು, ಕಾಯಲು ಯಾರೂ ಇಲ್ಲದಾದ ಮೇಲೆ ತಮ್ಮ ಮೇಳದ ಆಲ್ಬಮ್ಮನ್ನು ತಾವೇ ಹಾಡಿ ಹೊರತಂದರು.