ನಡುಮನೆಗೆ ಎಷ್ಟು ಟಿಕೆಟ್ಟು?

1987ರ ಬೇಸಿಗೆ ರಜೆ ಇರಬೇಕು. ಅರಸೀಕೆರೆಯ ನಮ್ಮ ಬೀದಿಯಲ್ಲಿ ಗಣಪತಿ ಹಬ್ಬಕ್ಕೆ ಎತ್ತೋ ಹಾಗೆ ಮನೆಗೆ ಐದು ರೂಪಾಯಿ ಚಂದಾ ಎತ್ತಿ, ಒಂದು ಕಲರ್ ಟೀವಿ, ಒಂದು ವಿಸಿಪಿ, ಮೂರು ಕ್ಯಾಸೆಟ್ಟು ಬಾಡಿಗೆಗೆ ತಂದಿದ್ದರು. ಚಂದಾ ಎತ್ತಿದ್ದು ನಮ್ಮಮ್ಮ. ಊಟ ಮುಗಿಸಿ ಚಾಪೆ ಹಿಡಿದುಕೊಂಡು ನಮ್ಮ ನಡುಮನೆಗೆ ಬಂದವರು ಎಷ್ಟು ಜನ ಅಂತ ಯಾರೂ ಎಣಿಸಲಿಲ್ಲ. ಕಿಟಕಿ ಸರಳು ಹಿಡಿದು ಹೊರಗೆ ನಿಂತವರಂತೂ ಲೆಕ್ಕಕ್ಕೇ ಇಲ್ಲ. ಅದೇ ಟಾಕೀಸಿನಲ್ಲಾದರೆ ಗಾಂಧಿ ಕ್ಲಾಸಿನ ಬಾಗಿಲಲ್ಲೂ ಒಬ್ಬ ನಿಂತು, ಒಬ್ಬೊಬ್ಬರ ಟಿಕೆಟ್ಟನ್ನೂ ಹರಿದೇ ಒಳಗೆ ಬಿಡುತ್ತಿದ್ದ.

ಹೊಸ ಸಿನಿಮಾ ಮನೆಗೇ ಬಂದರೆ ಎಷ್ಟು ದುಡ್ಡು ಕೇಳಬೇಕು ಅನ್ನೋ ಜಗಳ ಕೇಳಿದಾಗಲೆಲ್ಲ ನನಗೆ ಆ ಕಿಟಕಿ ನೆನಪಾಗುತ್ತೆ. ಈ ಜಗಳ ಒಟಿಟಿ ಜೊತೆ ಹುಟ್ಟಿದ್ದು ಅಂತಲೇ ನಾನೂ ನಂಬಿದ್ದೆ. ಹುಡುಕುತ್ತಾ ಹೋದರೆ ಅದು ಅಮೆರಿಕದಲ್ಲಿ, ಟೀವಿ ಇನ್ನೂ ಅಂಬೆಗಾಲಿಡುತ್ತಿದ್ದ ಕಾಲಕ್ಕೇ ಶುರುವಾಗಿತ್ತು.

1951ರ ಜನವರಿ 1ರಂದು ಝೆನಿತ್ ಕಂಪನಿ ಷಿಕಾಗೋದ 300 ಮನೆಗಳಲ್ಲಿ 'ಫೋನ್‌ವಿಷನ್' ಅನ್ನೋ ಪ್ರಯೋಗ ಶುರುಮಾಡಿತು. ಟೀವಿಯಲ್ಲಿ ಸಿನಿಮಾ ಕಲಸಿಹೋದ ಚಿತ್ರವಾಗಿ ಬರುತ್ತಿತ್ತು. ಅದನ್ನು ಸರಿಮಾಡುವ ಸಂಕೇತ ಬರುತ್ತಿದ್ದುದು ಟೆಲಿಫೋನ್ ತಂತಿಯಲ್ಲಿ. ಫೋನ್ ಮಾಡಿ ಕೇಳಿದರೆ ಚಿತ್ರ ಸರಿಹೋಗುತ್ತಿತ್ತು. ಒಂದು ಸಿನಿಮಾಕ್ಕೆ ಒಂದು ಡಾಲರ್. ಆದರೆ ಸ್ಟುಡಿಯೋಗಳು ಕೊಟ್ಟದ್ದು ಟಾಕೀಸುಗಳಲ್ಲಿ ಓಡಿ ಮುಗಿದ ಹಳೇ ಚಿತ್ರಗಳನ್ನು. ಹಾಗಾಗಿ ಜಗಳ ಅಲ್ಲಿ ಅಷ್ಟಾಗಿ ಕಾವೇರಲಿಲ್ಲ.

ಕಾವೇರಿದ್ದು 1953ರ ನವೆಂಬರಿನಲ್ಲಿ, ಕ್ಯಾಲಿಫೋರ್ನಿಯಾದ ಪಾಮ್ ಸ್ಪ್ರಿಂಗ್ಸ್ ಊರಲ್ಲಿ. ಪ್ಯಾರಾಮೌಂಟ್ ಸ್ಟುಡಿಯೋ ಪಾಲು ಹೊಂದಿದ್ದ 'ಟೆಲಿಮೀಟರ್' ಕಂಪನಿ ಕೆಲವು ಮನೆಗಳ ಟೀವಿಗೆ ಕಾಸು ಹಾಕುವ ಡಬ್ಬಿ ಜೋಡಿಸಿತು, ನಮ್ಮ ರೈಲ್ವೆ ಸ್ಟೇಷನ್ನಿನ ತೂಕದ ಮಿಷನ್ನಿಗೆ ಹಾಕೋ ಹಾಗೆ. ಮೊದಲ ಸಿನಿಮಾ 'ಫಾರೆವರ್ ಫೀಮೇಲ್'. ಡಬ್ಬಿಗೆ 1.35 ಡಾಲರ್ ಹಾಕಬೇಕು. ಅದೇ ಹೊತ್ತಿಗೆ ಅದೇ ಸಿನಿಮಾ ಅದೇ ಊರಿನ ಟಾಕೀಸಿನಲ್ಲೂ ಓಡುತ್ತಿತ್ತು! ಚಿತ್ರಮಂದಿರದವರ ಕಡೆಯಿಂದ ದೂರು ಎದ್ದಿತು. 1954ರಲ್ಲಿ ಡಬ್ಬಿಗಳ ಆಟ ನಿಂತುಹೋಯಿತು.

ಆ 1.35 ಡಾಲರನ್ನು ನಾನು ಬಹಳ ಹೊತ್ತು ನೋಡುತ್ತಾ ಕೂತೆ. ಒಬ್ಬನೇ ಕೂತು ನೋಡಿದರೆ ಅದು ಒಬ್ಬನಿಗೆ. ಐದು ಜನರ ಸಂಸಾರಕ್ಕೆ ತಲೆಗೆ 27 ಸೆಂಟ್. ಬೀದಿಯವರೆಲ್ಲ ಚಾಪೆ ತಂದರೆ? ಟಾಕೀಸಿನವನು ಮಾರೋದು ಕುರ್ಚಿಯನ್ನ. ಡಬ್ಬಿಯವನು ಮಾರೋದು ಇಡೀ ನಡುಮನೆಯನ್ನ. ಒಳಗೆ ಎಷ್ಟು ಜನ ಅಂತ ಅವನಿಗೆ ಗೊತ್ತಾಗೋದಿಲ್ಲ. ಅವನು ಬರೆಯೋ ಬೆಲೆ ಏನಿದ್ದರೂ ಒಂದು ಅಂದಾಜು.

1957ರಲ್ಲಿ ಒಕ್ಲಹೋಮಾದ ಬಾರ್ಟಲ್ಸ್‌ವಿಲ್ ಎಂಬ ಊರಿನಲ್ಲಿ ನಡೆದದ್ದು ಇನ್ನೂ ತಮಾಷೆ. ಇಲ್ಲಿ ಚಿತ್ರಮಂದಿರಗಳ ಕಂಪನಿಯೇ ತಂತಿ ಎಳೆದು ಹೊಸ ಸಿನಿಮಾಗಳನ್ನು ಮನೆಗೆ ಬಿಟ್ಟಿತು. ತಿಂಗಳಿಗೆ 9.50 ಡಾಲರ್, ಎಷ್ಟು ಬೇಕಾದರೂ ನೋಡಿ. ಇವತ್ತಿನ ಚಂದಾ ಪದ್ಧತಿಗೆ ಇದು ಅಜ್ಜನೇ ಸೈ. ಜನ ಸಾಕಷ್ಟು ಸೇರಲಿಲ್ಲ, ಬೆಲೆ ಇಳಿಸಿದರು, 1958ರ ಜೂನ್ ಹೊತ್ತಿಗೆ ಬಾಗಿಲು ಹಾಕಿದರು. 1964ರಲ್ಲಂತೂ ಕ್ಯಾಲಿಫೋರ್ನಿಯಾದ ಚಿತ್ರಮಂದಿರದವರು 'ಪುಕ್ಕಟೆ ಟೀವಿ ಉಳಿಸಿ' ಅಂತ ಪ್ರಚಾರ ಮಾಡಿ, ದುಡ್ಡು ಕೊಟ್ಟು ನೋಡೋ ಟೀವಿಯನ್ನೇ ಜನರ ಮತದಿಂದ ನಿಷೇಧಿಸಿಬಿಟ್ಟರು. ಟಿಕೆಟ್ ಮಾರುವವರಿಗೆ ಪುಕ್ಕಟೆಯ ಮೇಲೆ ಎಂಥಾ ಪ್ರೀತಿ ನೋಡಿ! 1966ರಲ್ಲಿ ಆ ರಾಜ್ಯದ ಸುಪ್ರೀಂ ಕೋರ್ಟು ನಿಷೇಧ ರದ್ದು ಮಾಡಿತು.

ನಮ್ಮ ದಕ್ಷಿಣದಲ್ಲಿ ಈ ಜಗಳ ಜೋರಾಗಿ ಕೇಳಿಸಿದ್ದು 2013ರ ಜನವರಿಯಲ್ಲಿ. ಕಮಲ್ ಹಾಸನ್ 'ವಿಶ್ವರೂಪಂ' ಚಿತ್ರವನ್ನು ಥಿಯೇಟರಿಗಿಂತ ಮೊದಲೇ ಡಿಟಿಎಚ್‌ನಲ್ಲಿ ತೋರಿಸುತ್ತೇನೆ ಅಂದರು. ಒಂದು ಮನೆಗೆ 1000 ರೂಪಾಯಿ. ಟಾಕೀಸಿನವರು ತಿರುಗಿಬಿದ್ದರು, ಕೊನೆಗೆ ಸಿನಿಮಾ ಮೊದಲು ಥಿಯೇಟರಿಗೇ ಹೋಯಿತು. ದುಬಾರಿ ಅಂತ ಆಗ ನಾನೂ ಮೂಗು ಮುರಿದಿದ್ದೆ. ಈಗ ಅನ್ನಿಸುತ್ತೆ, ಅವರೂ ಕಿಟಕಿಯ ಆಚೆ ನಿಂತವರನ್ನು ಸೇರಿಸಿಯೇ ಲೆಕ್ಕ ಹಾಕಿದ್ದಿರಬೇಕು.

ಕೊರೊನಾ ಬಂದಾಗ ಟಾಕೀಸುಗಳೇ ಮುಚ್ಚಿದವು. 2020ರ ಏಪ್ರಿಲ್‌ನಲ್ಲಿ ಯೂನಿವರ್ಸಲ್ ಕಂಪನಿ 'ಟ್ರೋಲ್ಸ್ ವರ್ಲ್ಡ್ ಟೂರ್' ಚಿತ್ರವನ್ನು 48 ಗಂಟೆಗೆ 19.99 ಡಾಲರಿನಂತೆ ಮನೆಗೆ ಬಾಡಿಗೆ ಕೊಟ್ಟಿತು. ನಿಮ್ಮ ಸಿನಿಮಾ ಇನ್ನು ಹಾಕೋದೇ ಇಲ್ಲ ಅಂತ ಎಎಂಸಿ ಚಿತ್ರಮಂದಿರಗಳವರು ಗುಡುಗಿದರು. ಜುಲೈ ಹೊತ್ತಿಗೆ ಅವರೇ ರಾಜಿ: ಥಿಯೇಟರಿನಲ್ಲಿ 17 ದಿನ ಓಡಿದರೆ ಸಾಕು, ಆಮೇಲೆ ಮನೆಗೆ. ಅದೇ ಜುಲೈನಲ್ಲಿ ನಮ್ಮ ಪುನೀತ್ ರಾಜ್‌ಕುಮಾರ್ ಅವರ ಸಂಸ್ಥೆಯ 'ಲಾ', 'ಫ್ರೆಂಚ್ ಬಿರಿಯಾನಿ' ಎರಡೂ ಸೀದಾ ಅಮೆಜಾನ್ ಪ್ರೈಮ್‌ಗೆ ಬಂದವು. ಪ್ರೈಮ್ ಚಂದಾ ಕಟ್ಟಿದ್ದವರಿಗೆ ಬೇರೆ ಟಿಕೆಟ್ಟಿಲ್ಲ.

2021ರ ಮೇ 13ಕ್ಕೆ ಸಲ್ಮಾನ್ ಖಾನ್‌ನ 'ರಾಧೆ' ಜೀಪ್ಲೆಕ್ಸ್‌ನಲ್ಲಿ 249 ರೂಪಾಯಿಗೆ ಬಂತು. ಬೆಂಗಳೂರಿನ ನಮ್ಮ ಮನೆಯಲ್ಲಿ ಆಗ ಇದ್ದದ್ದು ನಾನು, ಅಮ್ಮ ಇಬ್ಬರೇ. ಮಂಡಿನೋವಿನಿಂದ ಅಮ್ಮ ಟಾಕೀಸಿನ ಮೆಟ್ಟಿಲು ಹತ್ತಿ ಆರು ವರ್ಷವಾಗಿತ್ತು. ನನಗೋ ಅವತ್ತು ಆಫೀಸಿನ ಮೀಟಿಂಗು. "ನೀನೊಬ್ಳೇ ನೋಡ್ತೀಯೇನಮ್ಮಾ, ಹಾಕ್ಕೊಡ್ತೀನಿ" ಅಂದೆ. ಬೆಲೆ ಕೇಳಿದಳು, ಹೇಳಿದೆ.

"ಒಬ್ಬಳಿಗೇ ಅಷ್ಟಾ? ತಡಿ, ಪಕ್ಕದ ಮನೆಯವ್ರನ್ನೂ ಕರಿ, ಎದುರುಗಡೆಯವ್ರನ್ನೂ ಕರಿ. ಮನೆಗೆ ಐವತ್ತು ಇಸ್ಕೊಳಣ."

ಲಾಕ್‌ಡೌನಮ್ಮಾ, ಯಾರೂ ಬರೋ ಹಾಗಿಲ್ಲ ಅಂದೆ. ಟೀವಿ ಆರಿಸು ಅಂದಳು.